ರಾಜೀನಾಮೆ ವಾಪಸ್ ಪಡೆದ ಜನರಲ್

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ಒಂದು ಜಗಳ ಎಷ್ಟೋ ವರ್ಷ ನಡೆಯಿತು. ಜಮೀನಿಂದಲ್ಲ, ಒಡವೆದಲ್ಲ. ಜನರಲ್ ತಿಮ್ಮಯ್ಯ 1959ರಲ್ಲಿ ಕೊಟ್ಟ ರಾಜೀನಾಮೆಯನ್ನು ವಾಪಸ್ ತಗೊಂಡಿದ್ದು ಸರಿಯೋ ತಪ್ಪೋ ಅನ್ನೋದು! ತಾತನ ಪ್ರಕಾರ ಶುದ್ಧ ತಪ್ಪು. "ಕೊಟ್ಟ ಮೇಲೆ ಮುಗೀತು, ವಾಪಸ್ ತಗೊಳ್ಳೋದೇನು ಬಂತು?" ಅನ್ನೋರು. ಅಜ್ಜಿ ಅಡುಗೆಮನೆಯಿಂದಲೇ, "ಸುಮ್ನಿರಿ, ನೀವು ಮೂರು ಸಲ ಬರೆದು ಹರಿದು ಹಾಕಿದ್ದು ನಂಗೊತ್ತಿಲ್ವಾ" ಎಂದು ಮಾತು ಮುಗಿಸಿಬಿಡುತ್ತಿದ್ದರು.

ಈಗ ನನ್ನ ಜೊತೆ ಕೆಲಸ ಮಾಡುವ ಅರ್ಧ ಜನರ ಫೋನಿನಲ್ಲಿ ಒಂದೊಂದು ರಾಜೀನಾಮೆ ಪತ್ರ ಡ್ರಾಫ್ಟ್ ಆಗಿ ಕೂತಿದೆ. ಕಾಫಿ ಬ್ರೇಕಿನಲ್ಲಿ ಮಾತೆಲ್ಲ ಅದೇ: ಬಿಡಬೇಕಾ, ಇರಬೇಕಾ? ಹಾಗೆ ಆ ಹಳೇ ಜಗಳ ನೆನಪಾಗಿ ತಿಮ್ಮಯ್ಯನವರ ಬದುಕನ್ನು ಓದಲು ಕೂತೆ. ಓದುತ್ತಾ ಹೋದಂತೆ ತಾತನ ಪ್ರಶ್ನೆ ಅಷ್ಟು ಸುಲಭದ್ದಲ್ಲ ಅನ್ನಿಸತೊಡಗಿತು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ, 1906ರ ಮಾರ್ಚ್ 31ಕ್ಕೆ. ಮನೆತನದ್ದು ಕಾಫಿ ತೋಟ. ಅನುಕೂಲಸ್ಥರು. ಹುಡುಗ ಓದಿದ್ದು ಕೂನೂರಿನಲ್ಲಿ, ಆಮೇಲೆ ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಅಲ್ಲಿಂದ ಡೆಹ್ರಾಡೂನ್, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿ.

ಮೊದಲ 'ಬಿಡಬೇಕಾ' ಬಂದದ್ದು ಅಲಹಾಬಾದಿನಲ್ಲಿದ್ದಾಗ. ಊರೆಲ್ಲ ಸ್ವಾತಂತ್ರ್ಯ ಚಳವಳಿ, ಇವರ ಮೈಮೇಲೆ ಬ್ರಿಟಿಷರ ಸಮವಸ್ತ್ರ. ಹಂಫ್ರಿ ಇವಾನ್ಸ್ 1960ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಹಿರಿಯರೊಬ್ಬರು ಈ ಯುವಕನನ್ನು ಕಂಡು, ಬ್ರಿಟಿಷರ ಸಮವಸ್ತ್ರ ಹಾಕ್ಕೊಂಡ್ರೆ ಹೇಗನ್ನಿಸುತ್ತೆ ಅಂತ ಚುಚ್ಚಿ ಕೇಳಿದರಂತೆ. ಸೆಕೆ ಆಗುತ್ತೆ ಅಂದರಂತೆ ತಿಮ್ಮಯ್ಯ. ಕೇಳಿದವರು ಮೋತಿಲಾಲ್ ನೆಹರು! ಆಮೇಲೆ ಪರಿಚಯ ಬೆಳೆಯಿತು. ಕೆಲಸ ಬಿಟ್ಟು ಬರಲೇ ಎಂದು ತಿಮ್ಮಯ್ಯ ಕೇಳಿದಾಗ ಮೋತಿಲಾಲರು ಬೇಡ ಅಂದರು. ಸ್ವಾತಂತ್ರ್ಯ ಹೇಗಿದ್ದರೂ ಬರುತ್ತದೆ, ಆಗ ನಮ್ಮ ಸೈನ್ಯ ನಡೆಸಲು ಗೊತ್ತಿರುವವರು ನಮಗೇ ಬೇಕಾಗುತ್ತಾರೆ, ಕೆಲಸ ಕಲಿಯಿರಿ ಎಂಬ ಅರ್ಥದ ಮಾತು.

ಕಲಿತರು. ಅದರ ಬೆಲೆ ಮನೆಯೊಳಗೆ ಎಷ್ಟಿತ್ತು ನೋಡಿ. ಅಣ್ಣ ಪೊನ್ನಪ್ಪ, ತಮ್ಮ ಸೋಮಯ್ಯ ಇಬ್ಬರೂ ಸೈನ್ಯದ ಅಧಿಕಾರಿಗಳೇ. ಎರಡನೇ ಮಹಾಯುದ್ಧದಲ್ಲಿ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದಲ್ಲಿ ಬ್ರಿಟಿಷರ ಕಡೆಯಿಂದ ಜಪಾನೀಯರ ವಿರುದ್ಧ ಹೋರಾಡಿ, 1945ರ ಕಂಗಾವ್ ಕದನಕ್ಕೆ ಡಿಎಸ್‌ಒ ಪದಕ ಪಡೆದರು. ಅಣ್ಣ ಆ ಕಡೆ, ತಮ್ಮ ಈ ಕಡೆ. ಇಬ್ಬರಿಗೂ ತಾವು ದೇಶಕ್ಕಾಗಿಯೇ ದುಡಿಯುತ್ತಿದ್ದೇವೆ ಎಂಬ ನಂಬಿಕೆ. ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದ ಮನೆ ಅದು.

ಇನ್ನು ಹೆಂಡತಿ. ಸೈನ್ಯದವರ ಕಥೆ ಬರೆಯುವವರು ನೀನಾ ಅವರಿಗೆ ಎರಡು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. 1935ರ ಜನವರಿಯಲ್ಲಿ ಮದುವೆ. ಮೇ 31ರ ನಸುಕಿನಲ್ಲಿ, ಇವರು ಕ್ವೆಟ್ಟಾದಲ್ಲಿದ್ದಾಗ, ಭೂಕಂಪ. ಸತ್ತವರು ಮೂವತ್ತು ಸಾವಿರಕ್ಕೂ ಮೇಲೆ. ಮದುವೆಯಾಗಿ ಇನ್ನೂ ಆರು ತಿಂಗಳಾಗದ ಹುಡುಗಿ ಗಾಯಾಳುಗಳ ಸೇವೆಗೆ ನಿಂತಳು. ಅದಕ್ಕಾಗಿ ಕೈಸರ್-ಎ-ಹಿಂದ್ ಪದಕ ಬಂತು. ಗಂಡನ ಡಿಎಸ್‌ಒಗಿಂತ ಹತ್ತು ವರ್ಷ ಮೊದಲೇ, ಗಮನಿಸಿ. ಮುಂದಿನ ವರ್ಷ ಮಗಳು ಹುಟ್ಟಿದಳು. ಒಬ್ಬಳೇ ಮಗಳು.

1948ರ ಕಾಶ್ಮೀರದ ಕಥೆ ಹಲವರಿಗೆ ಗೊತ್ತು. ಮೇ 24ಕ್ಕೆ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಸಲ ಡಕೋಟಾ ವಿಮಾನ ಇಳಿಸಿದಾಗ ಒಳಗೆ ತಿಮ್ಮಯ್ಯನವರೂ ಇದ್ದರು. ಜೋಜಿಲಾ ಕಣಿವೆ ಹನ್ನೊಂದು ಸಾವಿರ ಅಡಿಗೂ ಎತ್ತರ. ಅಲ್ಲಿಗೆ ಟ್ಯಾಂಕ್ ಬರಬಹುದು ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಇವರು ಗುಟ್ಟಾಗಿ ಟ್ಯಾಂಕ್ ತರಿಸಿ, ನವೆಂಬರ್ 1ಕ್ಕೆ ಮುಂದಿನ ಟ್ಯಾಂಕಿನಲ್ಲಿ ತಾವೇ ಕೂತು ಹೊರಟರು. ಡಿವಿಷನ್ ಕಮಾಂಡರ್ ಮುಂದಿನ ಟ್ಯಾಂಕಿನಲ್ಲಿ ಕೂರುವುದು ಪುಸ್ತಕದ ಪ್ರಕಾರ ತಪ್ಪೇ ಇರಬಹುದು, ಆದರೆ ಕಣಿವೆ ನಮ್ಮದಾಯಿತು. ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲೇ ತಮ್ಮ ಸೋಮಯ್ಯ ನೆಲಬಾಂಬಿಗೆ ಬಲಿಯಾದರು.

ಕೊರಿಯಾ ಯುದ್ಧ ಮುಗಿದ ಮೇಲೆ, ಊರಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ವಿಷಯ ನೋಡಿಕೊಂಡ ತಟಸ್ಥ ಆಯೋಗಕ್ಕೂ ಇವರೇ ಅಧ್ಯಕ್ಷರು. 1957ರ ಮೇ 8ಕ್ಕೆ ಸೇನಾ ಮುಖ್ಯಸ್ಥರಾದರು, ಇಬ್ಬರು ಹಿರಿಯರನ್ನು ದಾಟಿ.

ಈಗ ಜಗಳದ ವಿಷಯಕ್ಕೆ ಬರೋಣ.

ರಕ್ಷಣಾ ಸಚಿವರು ಕೃಷ್ಣ ಮೆನನ್. ಬಡ್ತಿಗಳಲ್ಲಿ ಅವರು ಕೈ ಹಾಕುತ್ತಿದ್ದಾರೆ ಅನ್ನೋದು ತಿಮ್ಮಯ್ಯನವರ ದೂರು, ಮುಖ್ಯವಾಗಿ ಬಿ.ಎಂ. ಕೌಲ್ ವಿಷಯದಲ್ಲಿ. ಚೀನಾ ಗಡಿ ಬಿಸಿಯಾಗುತ್ತಿತ್ತು. ತಿಮ್ಮಯ್ಯ ನೇರವಾಗಿ ಪ್ರಧಾನಿ ಬಳಿ ಹೋಗಿ ಹೇಳಿದರು. ಅದು ತಿಳಿದ ಸಚಿವರು ಸಿಡಿದರು. ತಮ್ಮ ತಲೆ ದಾಟಿ ಮೇಲಿನವರ ಹತ್ತಿರ ಹೋದರೆ ಬಾಸ್ ಹೇಗೆ ಆಡುತ್ತಾರೆ ಅಂತ ನಿಮಗೇನೂ ನಾನು ಹೇಳಿಕೊಡಬೇಕಿಲ್ಲ! 1959ರ ಆಗಸ್ಟ್ ಕೊನೆಯಲ್ಲಿ ಜನರಲ್ ರಾಜೀನಾಮೆ ಕೊಟ್ಟರು. ನೆಹರು ಕರೆಸಿ ಮಾತಾಡಿ, ವಾಪಸ್ ತಗೊಳ್ಳಿ ಅಂದರು. ತಗೊಂಡರು.

ಅಪ್ಪ ಒಂದು ಸಲ ಬೇಡ ಅಂದಿದ್ದರು, ಮೂವತ್ತು ವರ್ಷದ ಮೇಲೆ ಮಗನೂ ಬೇಡ ಅಂದರು. ವ್ಯತ್ಯಾಸ ಏನೆಂದರೆ, ಮಗ ಸೆಪ್ಟೆಂಬರ್ 2ಕ್ಕೆ ಸಂಸತ್ತಿನಲ್ಲಿ ನಿಂತು, ಇದೆಲ್ಲ ಸಣ್ಣ ವಿಷಯ, ಸ್ವಭಾವದ ತಿಕ್ಕಾಟ ಅಷ್ಟೇ ಎಂಬಂತೆ ಮಾತಾಡಿಬಿಟ್ಟರು. ಪತ್ರ ಇಟ್ಟವರು ಎಲ್ಲರೆದುರು ಸಣ್ಣವರಾದರು. ಸಚಿವರು ಕುರ್ಚಿಯಲ್ಲೇ ಉಳಿದರು.

ತಾತನಿಗೆ ಉರಿಯುತ್ತಿದ್ದದ್ದು ಇದಕ್ಕೇ. ಗಟ್ಟಿಯಾಗಿ ನಿಂತಿದ್ದರೆ ದೇಶ ಎಚ್ಚರವಾಗುತ್ತಿತ್ತು, 1962 ಹಾಗಾಗುತ್ತಿರಲಿಲ್ಲ ಅನ್ನೋದು ಅವರ ವಾದ. ನನಗೆ ಈ ವಾದದ ಅರ್ಧ ಮಾತ್ರ ಒಪ್ಪಿಗೆ. ಸೈನ್ಯದ ಮುಖ್ಯಸ್ಥ ಪಟ್ಟು ಹಿಡಿದು ಚುನಾಯಿತ ಸರ್ಕಾರವನ್ನು ಅಲುಗಾಡಿಸುವುದು ಹೇಗಿರುತ್ತದೆ ಅಂತ ನೋಡಲು ದೂರ ಹೋಗಬೇಕಿರಲಿಲ್ಲ. ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಹಿಡಿದು ಇನ್ನೂ ವರ್ಷ ಕಳೆದಿರಲಿಲ್ಲ. ಪ್ರಧಾನಿ ಕೇಳಿಕೊಂಡ ಮೇಲೆ ತಿಮ್ಮಯ್ಯ ಮಣಿದದ್ದು ಹೇಡಿತನ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ವಾಪಸ್ ತಗೊಂಡ ಮೇಲೆ ಅವರ ಮಾತಿಗೆ ತೂಕ ಕಡಿಮೆಯಾಯಿತು, ಇದೂ ನಿಜ. ತಮ್ಮ ನಂತರ ಥೋರಟ್ ಬರಲಿ ಅಂತ ಶಿಫಾರಸು ಮಾಡಿದರು. ಬಂದದ್ದು ಥಾಪರ್.

1961ರ ಮೇ 7ಕ್ಕೆ ನಿವೃತ್ತಿ. ಮೂವತ್ತೈದು ವರ್ಷದ ನೌಕರಿ. ಮುಂಗಾರಿಗೆ ಇನ್ನೊಂದು ತಿಂಗಳಿರುವಾಗ ಕಾಫಿ ನಾಡಿಗೆ ಮರಳುವ ಹೊತ್ತು. ತೋಟ ಅನ್ನೋದು ರಿಮೋಟ್ ಆಗಿ ನಡೆಸುವ ಕೆಲಸವಲ್ಲ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಹೊತ್ತಿಗೆ ಸರಿಯಾಗಿ ಬಿತ್ತಾ, ನೆರಳಿನ ಮರದ ಕೊಂಬೆ ಎಷ್ಟು ಸವರಬೇಕು, ಹಣ್ಣು ಕುಯ್ಯಲು ಆಳು ಸಿಗ್ತಾರಾ, ಎಲ್ಲಕ್ಕೂ ಯಜಮಾನ ಅಲ್ಲೇ ಇರಬೇಕು. ಗಾಂಧಿ ಬಜಾರಿನಲ್ಲಿ ನಾವು ಕಣ್ಣೆದುರೇ ಪುಡಿ ಮಾಡಿಸಿಕೊಂಡು ಬರುವ ಕಾಫಿಯ ಹಿಂದೆ ಇಷ್ಟೆಲ್ಲ ಕಾಯುವಿಕೆ ಇದೆ. 1962ರ ಜುಲೈನಲ್ಲಿ 'ಸೆಮಿನಾರ್' ಪತ್ರಿಕೆಗೆ ಒಂದು ಲೇಖನ ಬರೆದರು: ಭಾರತ ಒಂಟಿಯಾಗಿ ಚೀನಾ ಜೊತೆ ನೇರ ಯುದ್ಧಕ್ಕೆ ಇಳಿಯುವುದನ್ನು ಸೈನಿಕನಾಗಿ ನಾನು ಊಹಿಸಲಾರೆ, ಅದನ್ನು ರಾಜಕಾರಣಿಗಳು, ರಾಯಭಾರಿಗಳು ನೋಡಿಕೊಳ್ಳಬೇಕು ಎಂಬ ತಾತ್ಪರ್ಯ. ಮೂರು ತಿಂಗಳಿಗೆ ಯುದ್ಧ ಬಂದೇ ಬಂತು. ಯುದ್ಧ ಮುಗಿಯುವ ಮೊದಲೇ ಮೆನನ್ ಸಂಪುಟ ಬಿಟ್ಟರು. ಆ ರಾಜೀನಾಮೆಯನ್ನು ಯಾರೂ ವಾಪಸ್ ಕೊಡಲಿಲ್ಲ.

1964ರ ಜುಲೈನಲ್ಲಿ ಮತ್ತೆ ಕರೆ. ಈ ಸಲ ವಿಶ್ವಸಂಸ್ಥೆಯಿಂದ. ಸೈಪ್ರಸ್‌ನಲ್ಲಿ ಗ್ರೀಕರು, ತುರ್ಕರು ಹೊಡೆದಾಡುತ್ತಿದ್ದರು, ಶಾಂತಿಪಡೆಗೆ ದಂಡನಾಯಕ ಬೇಕಿತ್ತು. ವಯಸ್ಸು ಐವತ್ತೆಂಟು. ಸಾಕು ಅನ್ನಬಹುದಿತ್ತು, ಅಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹೋದರು. ಅಜ್ಜಿ ಇಲ್ಲಿಗೆ ಬಂದಾಗ ಮಾತ್ರ ಪಕ್ಷ ಬದಲಿಸುತ್ತಿದ್ದರು: "ಆಗ ಬಿಡ್ಲಿಲ್ಲ ಸರಿ. ಈಗ ಯಾಕೆ ಹೋಗ್ಬೇಕಿತ್ತು? ಆ ನೀನಮ್ಮ ಎಷ್ಟು ಊರು ಕಟ್ಕೊಂಡು ಬಿಚ್ಕೋಬೇಕು?" ತಾತನ ಬಳಿ ಉತ್ತರ ಇರುತ್ತಿರಲಿಲ್ಲ.

1965ರ ಡಿಸೆಂಬರ್ 18, ಸೈಪ್ರಸ್‌ನಲ್ಲೇ ಹೃದಯಾಘಾತ. ಕರ್ತವ್ಯದಲ್ಲಿರುವಾಗಲೇ. ಐವತ್ತೊಂಬತ್ತು. ಕೊಡಗಿನಲ್ಲಿ ಅದು ಅರೇಬಿಕಾ ಕುಯ್ಲಿನ ಕಾಲ. ದೇಹವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಇಲ್ಲೇ ಮಣ್ಣು ಮಾಡಿದರು.

ಮಡಿಕೇರಿಯಲ್ಲಿ ಅವರು ಬಾಲ್ಯ ಕಳೆದ 'ಸನ್ನಿ ಸೈಡ್' ಮನೆಯಲ್ಲಿ ಬಹಳ ಕಾಲ ಆರ್‌ಟಿಒ ಕಚೇರಿ ಇತ್ತು. 2021ರ ಫೆಬ್ರವರಿಯಲ್ಲಿ ಅದು ಮ್ಯೂಸಿಯಂ ಆಯಿತು. ವೀಕೆಂಡಿಗೆ ರಾಜಾಸೀಟ್ ನೋಡೋಕೆ ಹೋಗುವವರು ಒಂದು ಗಂಟೆ ಅಲ್ಲಿಗೂ ಎತ್ತಿಡಿ. ಸೈಪ್ರಸ್ 1966ರಲ್ಲಿ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು, ಲಾರ್ನಕಾ ಪಟ್ಟಣದ ಒಂದು ದೊಡ್ಡ ರಸ್ತೆಗೆ ಅವರ ಹೆಸರಿಟ್ಟಿತು. ನಮ್ಮ ಊರಲ್ಲೂ ಅವರ ಹೆಸರಿನ ರಸ್ತೆ ಇದೆ. ಆದರೆ ಆಟೋದವರಿಗೆ ಜನರಲ್ ತಿಮ್ಮಯ್ಯ ರಸ್ತೆ ಅಂದರೆ ತಿರುಗಿ ನೋಡುತ್ತಾರೆ. ರಿಚ್ಮಂಡ್ ರೋಡ್ ಅನ್ನಬೇಕು.