ತುಂಡು ಮೂಳೆ ಎಷ್ಟು ಹೇಳುತ್ತದೆ?

ಒಂದಗುಳು ಹಿಚುಕಿ ಇಡೀ ಪಾತ್ರೆಯ ಅನ್ನದ ಹದ ಹೇಳುತ್ತೇವೆ. ಪಳೆಯುಳಿಕೆ ತಜ್ಞರ ಕೆಲಸವೂ ಹೀಗೆಯೇ, ಕೈಗೊಂದು ಚೂರು ಮೂಳೆ ಕೊಟ್ಟರೆ ಇಡೀ ಪ್ರಾಣಿಯನ್ನೇ ಎಬ್ಬಿಸಿ ನಿಲ್ಲಿಸುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅನ್ನದ ಮಟ್ಟಿಗೆ ಆ ಲೆಕ್ಕ ಸರಿ. ಪಾತ್ರೆಯ ಅಗುಳುಗಳೆಲ್ಲ ಒಂದೇ ಉರಿಯಲ್ಲಿ, ಒಂದೇ ನೀರಿನಲ್ಲಿ ಬೆಂದಿರುತ್ತವೆ. ಮೈಯೊಳಗಿನ ಮೂಳೆಗಳು ಹಾಗಲ್ಲ, ತೊಡೆಯ ಮೂಳೆಗೆ ಕೊಕ್ಕಿನ ಸುದ್ದಿ ಗೊತ್ತಿರುವುದಿಲ್ಲ. ಈ ನಂಬಿಕೆಗೆ ಎಲ್ಲರೂ ಎತ್ತಿ ತೋರಿಸುವ ಸಾಕ್ಷಿ ನ್ಯೂಜಿಲೆಂಡಿನ ಮೋವಾ ಹಕ್ಕಿಯ ಕಥೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಸಾಕ್ಷಿ ಬೇರೆಯದನ್ನೇ ಹೇಳುತ್ತದೆ.

1839ರಲ್ಲಿ ಜಾನ್ ರೂಲ್ ಎಂಬ ವೈದ್ಯರು ಲಂಡನ್ನಿನ ಅಂಗರಚನಾ ತಜ್ಞ ರಿಚರ್ಡ್ ಓವೆನ್ ಮುಂದೆ ನ್ಯೂಜಿಲೆಂಡಿನಿಂದ ಬಂದ ಒಂದು ಮೂಳೆ ಇಟ್ಟರು. ಉದ್ದ 6 ಅಂಗುಲ, ಸುತ್ತಳತೆ ಐದೂವರೆ ಅಂಗುಲ, ಎರಡೂ ತುದಿ ಮುರಿದಿತ್ತು. ಮೂಳೆಯ ಗುರುತೆಲ್ಲ ಹೆಚ್ಚಾಗಿ ಇರುವುದು ಕೀಲು ಕೂಡುವ ತುದಿಗಳಲ್ಲಿ. ತುದಿ ಹೋದ ಮೂಳೆ ವಿಳಾಸ ಹರಿದುಹೋದ ಲಕೋಟೆಯಂತೆ. ಪಳೆಯುಳಿಕೆಯೆಂದರೆ ಕಲ್ಲಾಗಿರಲೇಬೇಕು ಎಂದುಕೊಳ್ಳುವವರಿಗೂ ಇದು ಪಾಠ, ಏಕೆಂದರೆ ಈ ತುಂಡು ಕಲ್ಲಾಗಿರಲಿಲ್ಲ. ಓವೆನ್ ಮೊದಲ ನೋಟಕ್ಕೆ ಅದನ್ನು ಊಟದ ಮೇಜಿಗೆ ಬರುವ ದನದ ಮಜ್ಜೆಮೂಳೆ ಎಂದೇ ಭಾವಿಸಿದರು. ದಿವ್ಯದೃಷ್ಟಿ ಎಂಬುದೊಂದು ಇದ್ದಿದ್ದರೆ ಅದು ಕೆಲಸ ಮಾಡಬೇಕಿದ್ದ ಗಳಿಗೆ ಅದೇ ಆಗಿತ್ತು. ಅದು ಮಾಡಲಿಲ್ಲ. ಕೆಲಸ ಮಾಡಿದ್ದು ತಾಳೆ ನೋಡುವ ತಾಳ್ಮೆ. ಅವರು ತುಂಡನ್ನು ಎತ್ತಿಕೊಂಡು ಹೋಗಿ ಸಂಗ್ರಹಾಲಯದ ದನದ ಅಸ್ಥಿಪಂಜರದ ಪಕ್ಕ ಹಿಡಿದರು. ತೊಡೆಮೂಳೆಗೆ ಒಂದಷ್ಟು ಹೋಲಿಕೆ ಇತ್ತು, ಆದರೆ ಹೊಂದಲಿಲ್ಲ. ಮುಂಗಾಲಿನ ಮೂಳೆಗಂತೂ ಇನ್ನೂ ದೂರ. ಒಂದೊಂದೇ ಪ್ರಾಣಿಯನ್ನು ಹೀಗೆ ಪಟ್ಟಿಯಿಂದ ಹೊಡೆದುಹಾಕುತ್ತಿದ್ದಾಗ ಮೂಳೆಯ ಹೊರಮೈಯ ಮಸುಕು ಗೆರೆಗಳು ಅವರಿಗೆ ದೊಡ್ಡ ಹಕ್ಕಿಗಳ ಕಾಲುಮೂಳೆಯನ್ನು ನೆನಪಿಸಿದವು. ಆಸ್ಟ್ರಿಚ್ ಪಕ್ಕಕ್ಕೆ ಹೋದರು. ಗಾತ್ರ ಸರಿಹೋಯಿತು, ಆಕಾರ ಹೋಗಲಿಲ್ಲ. ಅಲ್ಲಿಗೆ ಅವರು ಹೇಳಿದ್ದು ಇಷ್ಟು: ನ್ಯೂಜಿಲೆಂಡಿನಲ್ಲಿ ಹೆಚ್ಚುಕಡಿಮೆ ಆಸ್ಟ್ರಿಚ್‌ನಷ್ಟೇ ದೊಡ್ಡದಾದ, ಅದಕ್ಕಿಂತ ಭಾರದ, ನಿಧಾನ ನಡಿಗೆಯ ಹಕ್ಕಿ ಇತ್ತು, ಅಥವಾ ಇನ್ನೂ ಇದೆ.

ಅದು ಧೈರ್ಯದ ಮಾತು, ಸರಿಯಾದ ಮಾತೂ ಹೌದು. ಆದರೆ ಆ ಮಾತಿನಲ್ಲಿ ಇಲ್ಲದಿದ್ದುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲವು ಮೋವಾಗಳು ಕತ್ತು ಚಾಚಿದರೆ ಸುಮಾರು 3.6 ಮೀಟರ್ ಎತ್ತರಕ್ಕೆ ಮುಟ್ಟುತ್ತಿದ್ದವೆಂದು, ಅವುಗಳಲ್ಲಿ ಹಲವು ಜಾತಿಗಳಿದ್ದವೆಂದು, ಅವಕ್ಕೆ ರೆಕ್ಕೆಯ ಮೂಳೆಯೇ ಇರಲಿಲ್ಲವೆಂದು ಆ ತುಂಡು ಹೇಳಿರಲಿಲ್ಲ. 1843ರಲ್ಲಿ ನ್ಯೂಜಿಲೆಂಡಿನಿಂದ ಪೆಟ್ಟಿಗೆಗಟ್ಟಲೆ ಮೂಳೆ ಬರತೊಡಗಿದ ಮೇಲೆ ಚಿತ್ರ ಮೆಲ್ಲಗೆ ತುಂಬಿತು. ಇನ್ನೊಂದು ಸಂಗತಿಯನ್ನು ಕಥೆ ಹೇಳುವವರು ಬಿಟ್ಟೇಬಿಡುತ್ತಾರೆ, ಅದು ನನಗೆ ಅನ್ಯಾಯವೆನಿಸುತ್ತದೆ. ಇದು ಹಕ್ಕಿಯ ಮೂಳೆಯೆಂದು ಅಲ್ಲಿನ ಮಾವೊರಿ ಜನ ಹೇಳುತ್ತಾರೆ ಎಂಬ ಮಾತು ಈ ಮೂಳೆಯ ಬಗ್ಗೆ ರೂಲ್ ಓವೆನ್‌ಗೆ ಬರೆದ ಪತ್ರದಲ್ಲೇ ಇತ್ತು. ಮೂಳೆ ಸಿಕ್ಕ ಜಾಗ, ಅಲ್ಲಿನವರ ತಿಳಿವಳಿಕೆ, ಇವೂ ಗುರುತಿನ ಭಾಗವೇ. ಊರು, ಮಣ್ಣಿನ ಪದರ ಯಾವುದನ್ನೂ ಬರೆದಿಡದೆ ತೊಳೆದು ಕಪಾಟಿನಲ್ಲಿಟ್ಟ ಮೂಳೆ ಅರ್ಧ ಮೂಕವಾದಂತೆ.

ಹಾಗಾದರೆ ಕುವಿಯೇ ಕಥೆ ಏನು ಎಂದು ಕೇಳಬಹುದು. ಫ್ರಾನ್ಸಿನ ಜಾರ್ಜ್ ಕುವಿಯೇ ಪ್ಯಾರಿಸ್ಸಿನ ಜಿಪ್ಸಮ್ ಗಣಿಯ ಕಲ್ಲಿನಲ್ಲಿದ್ದ ಪುಟ್ಟ ಪ್ರಾಣಿಯ ಹಲ್ಲು ನೋಡಿ, ಇದು ಹೊಟ್ಟೆಚೀಲದ ಅಪೊಸಮ್, ಕೆತ್ತಿದರೆ ಸೊಂಟದ ಬಳಿ ಎರಡು ವಿಶೇಷ ಮೂಳೆ ಸಿಗುತ್ತವೆ ಎಂದರು. ನಾಲ್ಕು ಜನರ ಎದುರೇ ಕೆತ್ತಿದಾಗ ಅವು ಸಿಕ್ಕವು. ನಿಜ. ಆದರೆ ಅವರಿಗೆ ಬದುಕಿರುವ ಅಪೊಸಮ್‌ಗಳ ಹಲ್ಲೂ ಸೊಂಟವೂ ಮೊದಲೇ ಗೊತ್ತಿದ್ದವು. ಗೊತ್ತಿಲ್ಲದ ಪ್ರಾಣಿ ಎದುರಾದಾಗ ಅದೇ ಕುವಿಯೇ ಎಡವಿದರು. ಜರ್ಮನಿಯ ಎಪ್ಪೆಲ್ಸ್‌ಹೈಮಿನಲ್ಲಿ ಸಿಕ್ಕ ಒಂದು ಉಗುರಿನ ಮೂಳೆಯನ್ನು ದೈತ್ಯ ಚಿಪ್ಪುಹಂದಿಯದೆಂದು ಬಗೆದರು. ಅದು ಕುದುರೆಯ ದೂರದ ನೆಂಟ, ಗೊರಸಿನ ಬದಲು ಉಗುರಿದ್ದ ಸಸ್ಯಾಹಾರಿ ಕ್ಯಾಲಿಕೋಥೀರ್‌ನದೆಂದು ಆಮೇಲೆ ತಿಳಿಯಿತು. ಸೊಪ್ಪು ತಿನ್ನುವ ಹಲ್ಲಿನ ಜೊತೆಗೆ ಅಂಥ ಉಗುರು ಇರಬಹುದೆಂದು ಯಾವ ನಿಯಮವೂ ಮುಂಚೆ ಹೇಳಿರಲಿಲ್ಲ.

ಅದೆಲ್ಲ ಹಳೆಯ ಕಾಲದ ಮಾತು, ಈಗ ಡಿಎನ್‌ಎ ಇದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದರಲ್ಲಿ ಹುರುಳಿದೆ. ಸೈಬೀರಿಯಾದ ಡೆನಿಸೋವಾ ಗುಹೆಯ ಸುಮಾರು ಎರಡೂವರೆ ಸೆಂಟಿಮೀಟರಿನ ಚೂರೊಂದು ಯಾವ ಪ್ರಾಣಿಯದೆಂದೂ ಗೊತ್ತಾಗದೆ ಸಾವಿರಾರು ಚೂರುಗಳ ನಡುವೆ ಬಿದ್ದಿತ್ತು. ಅದರೊಳಗಿನ ಪ್ರೋಟೀನಾದ ಕೊಲಾಜೆನ್ ಅದು ಮಾನವ ಕುಲದ್ದೆಂದು ಹೇಳಿತು. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್, ಹೀಗೆ ಅಳಿದುಹೋದ ಎರಡು ಮಾನವ ಬಳಗಗಳಿಗೆ ಹುಟ್ಟಿದ ಹುಡುಗಿಯ ಮೂಳೆ ಅದೆಂದು 2018ರಲ್ಲಿ ಡಿಎನ್‌ಎ ತಿಳಿಸಿತು. ಆದರೆ ಇದೂ ತಾಳೆಯೇ, ಪಕ್ಕಕ್ಕಿಟ್ಟು ನೋಡಲು ನಿಯಾಂಡರ್ತಾಲರ, ಡೆನಿಸೋವನ್ನರ ಡಿಎನ್‌ಎ ಮೊದಲೇ ಕೈಯಲ್ಲಿದ್ದುದರಿಂದ ಸಾಧ್ಯವಾಯಿತು. ಡೈನೋಸಾರ್ ಮೂಳೆಗಳಲ್ಲಿ ಓದಬಲ್ಲ ಡಿಎನ್‌ಎ ಉಳಿದೇ ಇಲ್ಲ. ಉಳಿದಿರುವ ಕಡೆಯೂ ಅದು ನೆಂಟಸ್ತಿಕೆ ಹೇಳುತ್ತದೆ, ರೂಪವನ್ನಲ್ಲ. ಬೆರಳಿನ ಒಂದು ಚೂರಿನಿಂದ ಡೆನಿಸೋವನ್ನರು ಬೇರೆಯೇ ಜನವೆಂದು 2010ರಲ್ಲಿ ಗೊತ್ತಾಯಿತು. ಅವರ ಮುಖ ಕಾಣಲು, ಚೀನಾದ ಹಾರ್ಬಿನ್ನಿನ ತಲೆಬುರುಡೆಯಲ್ಲಿ ಉಳಿದಿದ್ದ ಪ್ರೋಟೀನು ಮತ್ತು ಡಿಎನ್‌ಎ ಅವರದಕ್ಕೆ ತಾಳೆಯಾಗುವ 2025ರವರೆಗೆ ಕಾಯಬೇಕಾಯಿತು.