ಮಹಿಳಾ ಸಂಘಗಳಿಗೆ ಅನುದಾನ: ದಾನಿಯನ್ನು ಹುಡುಕುವ ಮುನ್ನ

ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆ ರಾತ್ರಿಯ ಆಸರೆ, ನ್ಯಾಯಾಲಯಕ್ಕೆ ಹೋಗಿಬರುವ ಬಸ್ಸಿನ ಖರ್ಚು, ಅರ್ಜಿ ಬರೆದುಕೊಡುವ ಕಾರ್ಯಕರ್ತೆಗೆ ಗೌರವಧನ: ಇಷ್ಟಕ್ಕೂ ಹಣ ಬೇಕು. ಗಡಿನಾಡಿನ ಸಣ್ಣ ಮಹಿಳಾ ಸಂಘವೊಂದು ಸದಸ್ಯೆಯರ ವಂತಿಗೆಯನ್ನೇ ನೆಚ್ಚಿ ಬಹುದೂರ ಸಾಗಲಾರದು. ಅಂತರ್ಜಾಲವು ಇಂದು ದಾನಿಗಳ ಪಟ್ಟಿಯನ್ನು ಅಂಗೈಯಲ್ಲಿಯೇ ತೋರಿಸುತ್ತದೆ. ಆದರೆ ಪಟ್ಟಿಯಲ್ಲಿ ಕಂಡ ದಾನಿಯಿಂದ ಹಣ ಪಡೆಯುವ ಅರ್ಹತೆ ಸಂಘಕ್ಕಿದೆಯೇ ಎಂಬುದು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮಹಿಳಾ ಹಕ್ಕುಗಳಿಗಾಗಿಯೇ ಮೀಸಲಾದ ನಿಧಿಗಳು ಹಲವಿವೆ. ಆಮ್‌ಸ್ಟರ್‌ಡ್ಯಾಮಿನ ‘ಮಾಮಾ ಕ್ಯಾಶ್’ 1983ರಲ್ಲಿಯೂ ಅಮೆರಿಕದ ‘ಗ್ಲೋಬಲ್ ಫಂಡ್ ಫಾರ್ ವಿಮೆನ್’ 1987ರಲ್ಲಿಯೂ ಆರಂಭವಾದವು. ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯಲು ವಿಶ್ವಸಂಸ್ಥೆ 1996ರಲ್ಲಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿತು. ಇಂತಹ ನಿಧಿಗಳ ಜಾಲತಾಣಗಳಲ್ಲಿ ಅರ್ಹತೆ, ದೇಶ ಮತ್ತು ಕೊನೆಯ ದಿನಾಂಕ ಎಂಬ ಮೂರನ್ನು ಮೊದಲು ಓದಬೇಕು. ತಾವೇ ಆಹ್ವಾನಿಸದ ಅರ್ಜಿಗಳನ್ನು ನೋಡದ ದಾನಿಗಳೂ ಉಂಟು.

ಇವುಗಳಲ್ಲಿ ಮೊದಲ ಎರಡು ವಿದೇಶಿ ಮೂಲಗಳು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಂತೆ ಕೇಂದ್ರ ಗೃಹ ಸಚಿವಾಲಯದ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಅವುಗಳ ಹಣವನ್ನು ಸ್ವೀಕರಿಸುವಂತಿಲ್ಲ. ನೋಂದಣಿ ಬೇಕಾದರೆ ಸಂಘವು ಮೂರು ವರ್ಷ ಅಸ್ತಿತ್ವದಲ್ಲಿದ್ದು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕಾರ್ಯಗಳಿಗೆ 15 ಲಕ್ಷ ರೂಪಾಯಿಗಳನ್ನಾದರೂ ವೆಚ್ಚಮಾಡಿರಬೇಕು. 2020ರ ತಿದ್ದುಪಡಿಯ ಬಳಿಕ ಈ ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನೋಂದಾಯಿತ ದೊಡ್ಡ ಸಂಸ್ಥೆಯು ತಾನು ಪಡೆದ ವಿದೇಶಿ ಹಣವನ್ನು ಸಣ್ಣ ಸಂಘಕ್ಕೆ ವರ್ಗಾಯಿಸುವ ದಾರಿಯೂ ಮುಚ್ಚಿದೆ. ಕಾಯಿದೆಯನ್ನು ಮೀರಿದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಅರಿಯದೆ ತಪ್ಪುವ ಎಡೆಯೊಂದಿದೆ. ಹೊರದೇಶದಲ್ಲಿದ್ದೂ ಭಾರತದ ಪೌರತ್ವವನ್ನು ಉಳಿಸಿಕೊಂಡ ಊರಿನವರೊಬ್ಬರು ತಮ್ಮ ಉಳಿತಾಯದಿಂದ ಕೊಟ್ಟ ಹಣ ವಿದೇಶಿ ವಂತಿಗೆಯಲ್ಲ. ಅದೇ ವ್ಯಕ್ತಿ ಅನ್ಯದೇಶದ ಪೌರರಾಗಿದ್ದರೆ, ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ಆದ್ದರಿಂದ ರಶೀದಿ ಬರೆಯುವ ಮುನ್ನ ದಾನಿಯ ಪೌರತ್ವವನ್ನು ಕೇಳುವುದು ಅವಿನಯವಲ್ಲ, ಕರ್ತವ್ಯ.

ಹೊಸ ಸಂಘಗಳಿಗೆ ಸ್ವದೇಶಿ ಮೂಲವೇ ಹತ್ತಿರ. 2013ರ ಕಂಪನಿ ಕಾಯಿದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಲಿಂಗ ಸಮಾನತೆ, ಮಹಿಳಾ ಸಬಲೀಕರಣ ಮತ್ತು ಮಹಿಳಾ ವಸತಿಗೃಹಗಳು ಏಳನೆಯ ಅನುಸೂಚಿಯಲ್ಲಿಯೇ ಇವೆ. ತಾನು ಉದ್ಯಮ ನಡೆಸುವ ಪ್ರದೇಶಕ್ಕೆ ಕಂಪನಿ ಆದ್ಯತೆ ನೀಡಬೇಕೆಂದೂ ಕಾಯಿದೆ ಹೇಳುತ್ತದೆ. ಕೇಂದ್ರದ ರಾಷ್ಟ್ರೀಯ ಸಿಎಸ್‌ಆರ್ ಜಾಲತಾಣದಲ್ಲಿ ಯಾವ ಕಂಪನಿ, ಯಾವ ರಾಜ್ಯದಲ್ಲಿ, ಯಾವ ಕ್ಷೇತ್ರಕ್ಕೆ ಎಷ್ಟು ವೆಚ್ಚ ಮಾಡಿತೆಂಬುದನ್ನು ಉಚಿತವಾಗಿ ನೋಡಬಹುದು. ಸೊಲ್ಲಾಪುರ ಜಿಲ್ಲೆಯ ಸಂಘವೊಂದು ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬಹುದು. ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಈ ಕಲಮು ಅನ್ವಯಿಸದು. ಕಂಪನಿಯಾಗಿ ನೋಂದಣಿಯಾದವನ್ನಷ್ಟೇ ಆರಿಸಿಕೊಳ್ಳಬೇಕು.

ಇದಕ್ಕೂ ದಾಖಲೆಗಳು ಬೇಕು: ಆದಾಯ ತೆರಿಗೆಯ 12ಎಬಿ ಮತ್ತು 80ಜಿ ನೋಂದಣಿ, ಸಿಎಸ್‌ಆರ್-1 ಸಂಖ್ಯೆ, ಇಂತಹುದೇ ಕಾರ್ಯದಲ್ಲಿ ಮೂರು ವರ್ಷಗಳ ಅನುಭವ. ಸರ್ಕಾರಿ ಅನುದಾನಕ್ಕೆ ‘ಎನ್‌ಜಿಒ ದರ್ಪಣ’ದ ಗುರುತಿನ ಸಂಖ್ಯೆ ಅಗತ್ಯ. ಮಹಾರಾಷ್ಟ್ರದಲ್ಲಿ ವಿಶ್ವಸ್ತರು ಬದಲಾದರೆ 90 ದಿನಗಳೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ವರದಿ ಸಲ್ಲಿಸಬೇಕು. ಅಧ್ಯಕ್ಷೆ ಬದಲಾಗಿ, ದಾಖಲೆಯಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಒಳ್ಳೆಯ ಅರ್ಜಿಯೂ ಅಲ್ಲಿಯೇ ನಿಲ್ಲುತ್ತದೆ.

ಗಡಿನಾಡಿನ ಸಂಘಕ್ಕೆ ಭಾಷೆಯ ಹೊರೆಯೂ ಸೇರುತ್ತದೆ. ಸಭೆಯ ನಡಾವಳಿ ಕನ್ನಡದಲ್ಲಿ, ಕಚೇರಿಯ ಪತ್ರ ಮರಾಠಿಯಲ್ಲಿ, ದಾನಿಯ ಅರ್ಜಿ ಇಂಗ್ಲಿಷಿನಲ್ಲಿ. ಇಲ್ಲಿ ಓದಿದ ಮಕ್ಕಳು ನೆರವಾಗಬಹುದು. ವರ್ಷಕ್ಕೊಮ್ಮೆ ಲೆಕ್ಕಪತ್ರ, ನಡಾವಳಿ ಮತ್ತು ಫಲಾನುಭವಿಗಳ ಹೆಸರು ಬಯಲಾಗದಂತಹ ಕಾರ್ಯವರದಿಯನ್ನು ಮೂರೂ ಭಾಷೆಗಳಲ್ಲಿ ಅಣಿಗೊಳಿಸಿದರೆ, ಅರ್ಜಿಯ ಕೊನೆಯ ದಿನ ಗಾಬರಿಪಡಬೇಕಿಲ್ಲ. ಬಾಗಿಲು ತಟ್ಟಿದ ಹೆಣ್ಣುಮಗಳನ್ನು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸಬೇಕಾದ ದಿನಗಳೂ ಕಡಿಮೆಯಾದಾವು.