ವಿ.ವಿ.ಯಿಂದ ವಿ.ವಿ.ಗೆ ರೈಲು ಪಯಣ: ಯಾವ ಟಿಕೆಟ್ ಯಾರಿಗೆ ಸೂಕ್ತ?

ಪ್ರವೇಶ ಸಂದರ್ಶನ, ವಿಚಾರ ಸಂಕಿರಣ, ಪಿಎಚ್.ಡಿ. ಮೌಖಿಕ ಪರೀಕ್ಷೆ, ಗ್ರಂಥಾಲಯದಲ್ಲಿರುವ ಹಳೆಯ ಹಸ್ತಪ್ರತಿಯೊಂದರ ಪರಿಶೀಲನೆ... ಹೀಗೆ ಒಂದಲ್ಲ ಒಂದು ಕಾರಣಕ್ಕೆ ನಮ್ಮ ವಿದ್ಯಾರ್ಥಿಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತಲೇ ಇರುತ್ತಾರೆ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕಲಬುರಗಿಯ ಜ್ಞಾನಗಂಗಾ, ಹೊಸಪೇಟೆಗೆ ಸಮೀಪದ ಹಂಪಿ ಕನ್ನಡ ವಿಶ್ವವಿದ್ಯಾಲಯ, ಈ ಎಲ್ಲವಕ್ಕೂ ರೈಲಿನ ಸಂಪರ್ಕವಿದೆ. ಆದರೆ ಟಿಕೆಟ್ ಆಯ್ಕೆಯಲ್ಲಿ ಎಡವಿದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಸಂದರ್ಶನವೇ ತಪ್ಪುತ್ತದೆ. ರೈಲ್ವೆಯ ನಿಯಮಗಳು ಕಳೆದ ಎರಡು ವರ್ಷಗಳಲ್ಲಿ ಸಾಕಷ್ಟು ಬದಲಾಗಿರುವುದರಿಂದ ಅವುಗಳ ಪರಿಚಯ ಅಗತ್ಯ.

ಹತ್ತಿರದ ಊರಿಗೆ ಸೀಸನ್ ಟಿಕೆಟ್

ಬೆಂಗಳೂರು-ಮೈಸೂರು ನಡುವಿನ ರೈಲು ಮಾರ್ಗ 138 ಕಿ.ಮೀ. ಅಪರೂಪಕ್ಕೊಮ್ಮೆ ಹೋಗುವವರಿಗೆ ಕಾಯ್ದಿರಿಸದ ಎರಡನೇ ದರ್ಜೆಯ ಟಿಕೆಟ್ ಧಾರಾಳವಾಗಿ ಸಾಕು. ಒಂದು ಎಚ್ಚರಿಕೆ ಮಾತ್ರ ಇರಲಿ. 199 ಕಿ.ಮೀ.ವರೆಗಿನ ಇಂತಹ ಟಿಕೆಟ್ ಪಡೆದ 3 ಗಂಟೆಯೊಳಗೆ, ಅಥವಾ ಅಷ್ಟರಲ್ಲಿ ರೈಲಿಲ್ಲದಿದ್ದರೆ ಆ ನಂತರದ ಮೊದಲ ರೈಲಿನಲ್ಲಿ, ಪ್ರಯಾಣ ಆರಂಭಿಸಬೇಕು. ಬೆಳಿಗ್ಗೆಯೇ ಟಿಕೆಟ್ ತೆಗೆದಿಟ್ಟು ಸಂಜೆ ಹತ್ತುವಂತಿಲ್ಲ.

ವಾರದಲ್ಲಿ ಹಲವು ಬಾರಿ ಓಡಾಡುವವರು ಸೀಸನ್ ಟಿಕೆಟ್ ಪಡೆಯುವುದು ಲೇಸು. ಇದು 150 ಕಿ.ಮೀ. ಮಿತಿಯೊಳಗೆ ದೊರೆಯುವುದರಿಂದ ಬೆಂಗಳೂರು-ಮೈಸೂರು ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಮೂರು ತಿಂಗಳ ಟಿಕೆಟ್‌ಗೆ ಮಾಸಿಕ ದರದ 2.7 ಪಟ್ಟು ಮಾತ್ರ ಬೆಲೆ. ಸೀಸನ್ ಟಿಕೆಟ್‌ನಲ್ಲಿ ಸಾಮಾನ್ಯ ವರ್ಗದ ವಿದ್ಯಾರ್ಥಿಗಳಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75 ರಿಯಾಯಿತಿ ಇದೆ. ಪದವಿವರೆಗಿನ ವಿದ್ಯಾರ್ಥಿನಿಯರಿಗೆ ಮನೆ ಮತ್ತು ಕಾಲೇಜಿನ ನಡುವಿನ ಎರಡನೇ ದರ್ಜೆಯ ಮಾಸಿಕ ಟಿಕೆಟ್ ಉಚಿತ.

ಬೆಂಗಳೂರು ವಿ.ವಿ. ಆವರಣಕ್ಕೆ ಹೋಗುವವರಿಗೆ ಇದೇ ಮಾರ್ಗದಲ್ಲಿ ಜ್ಞಾನಭಾರತಿ ಹೆಸರಿನ ನಿಲ್ದಾಣವೇ ಇದೆ. ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಎಕ್ಸ್‌ಪ್ರೆಸ್ ಹಿಡಿದವರು ಅದು ನಿಲ್ಲುವ ನಿಲ್ದಾಣ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು.

ದೂರದ ಊರಿಗೆ ಸ್ಲೀಪರ್

ಬೆಂಗಳೂರಿನಿಂದ ಧಾರವಾಡಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಕಲಬುರಗಿಗೆ ಉದ್ಯಾನ ಎಕ್ಸ್‌ಪ್ರೆಸ್, ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್ ಬಹುಕಾಲದಿಂದ ವಿದ್ಯಾರ್ಥಿಗಳ ಗಾಡಿಗಳು. ರಾತ್ರಿ ಮಲಗಿ ಹೋಗುವ ರೈಲು ಹಿಡಿದರೆ ವಸತಿಗೃಹದ ಬಾಡಿಗೆ ಉಳಿಯುತ್ತದೆ. ಹಗಲು ಪ್ರಯಾಣಕ್ಕೆ ವಂದೇ ಭಾರತ್ ರೈಲು 2023ರ ಜೂನ್‌ನಲ್ಲಿ ಧಾರವಾಡಕ್ಕೂ 2024ರ ಮಾರ್ಚ್‌ನಲ್ಲಿ ಕಲಬುರಗಿಗೂ ಆರಂಭವಾಯಿತು. ಸಮಯ ಉಳಿಯುವುದು ನಿಜ, ಆದರೆ ದರ ಹೆಚ್ಚು.

ಮುಂಗಡ ಕಾಯ್ದಿರಿಸುವ ಅವಧಿ ಮೊದಲು 120 ದಿನಗಳಿದ್ದದ್ದು 2024ರ ನವೆಂಬರ್ 1ರಿಂದ 60 ದಿನಗಳಿಗೆ ಇಳಿದಿದೆ. ಪರೀಕ್ಷೆ ಅಥವಾ ಸಂಕಿರಣದ ದಿನಾಂಕ ಪ್ರಕಟವಾದ ಕೂಡಲೇ ಲೆಕ್ಕ ಹಾಕಿ ಬುಕ್ ಮಾಡುವುದು ಜಾಣತನ.

ಸೀಟು ಸಿಗದೆ ವೇಟಿಂಗ್ ಲಿಸ್ಟ್ ಬಂದಾಗ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು, ಅದರ ಹಿಂದಿನ ಅಕ್ಷರಗಳನ್ನೂ ನೋಡಬೇಕು. ಜಿಎನ್‌ಡಬ್ಲ್ಯುಎಲ್ ಎಂದಿದ್ದರೆ ಅದು ಸಾಮಾನ್ಯ ಪಟ್ಟಿ, ಖಚಿತವಾಗುವ ಸಾಧ್ಯತೆ ಹೆಚ್ಚು. ಆರ್‌ಎಲ್‌ಡಬ್ಲ್ಯುಎಲ್ ಮತ್ತು ಪಿಕ್ಯೂಡಬ್ಲ್ಯುಎಲ್ ಪಟ್ಟಿಗಳು ನಡುವಿನ ನಿಲ್ದಾಣಗಳಿಗೆ ಮೀಸಲಾದ ಸಣ್ಣ ಕೋಟಾಗೆ ಸೇರಿದವು. ಅಲ್ಲಿ ಸಂಖ್ಯೆ ಚಿಕ್ಕದಿದ್ದರೂ ಭರವಸೆ ಕಡಿಮೆ. ಮುಂಬೈಯಿಂದ ಬರುವ ರೈಲನ್ನು ಕಲಬುರಗಿಯಲ್ಲಿ ಹತ್ತುವ ವಿದ್ಯಾರ್ಥಿ ಇದನ್ನು ಮುಖ್ಯವಾಗಿ ಗಮನಿಸಬೇಕು. ಆರ್‌ಎಸಿ ಬಂದರೆ ಹತ್ತಲು ಅಡ್ಡಿಯಿಲ್ಲ. ಬದಿಯ ಕೆಳ ಬರ್ತ್ ಇಬ್ಬರಿಗೆ ಸೇರಿರುತ್ತದೆ, ಕುಳಿತಾದರೂ ಊರು ತಲುಪಬಹುದು.

ಆನ್‌ಲೈನ್ ಟಿಕೆಟ್ ಚಾರ್ಟ್ ಸಿದ್ಧವಾದ ಮೇಲೂ ವೇಟಿಂಗ್ ಲಿಸ್ಟ್‌ನಲ್ಲಿಯೇ ಉಳಿದರೆ ತಾನಾಗಿ ರದ್ದಾಗುತ್ತದೆ, ಹಣ ಮರಳುತ್ತದೆ. ಕೌಂಟರ್‌ನಲ್ಲಿ ಪಡೆದ ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವಂತಿಲ್ಲ, ಸಾಮಾನ್ಯ ಬೋಗಿಯೇ ಗತಿ. ಹಿಂದೆ ರೈಲು ಹೊರಡುವ 4 ಗಂಟೆ ಮೊದಲು ಸಿದ್ಧವಾಗುತ್ತಿದ್ದ ಚಾರ್ಟ್ 2025ರಿಂದ ಇನ್ನೂ ಮುಂಚಿತವಾಗಿ ಸಿದ್ಧವಾಗುತ್ತಿದೆ. ಬರ್ತ್ ಇಲ್ಲವೆಂದು ಬೇಗ ತಿಳಿದರೆ ಬಸ್ ಹಿಡಿಯಲು ಸಮಯವಾದರೂ ಸಿಗುತ್ತದೆ.

ಹಲವರಿಗೆ ತಿಳಿಯದ ರಿಯಾಯಿತಿ

ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಹಿರಿಯ ನಾಗರಿಕರ ರಿಯಾಯಿತಿ ನಿಂತಿತು. ವಿದ್ಯಾರ್ಥಿಗಳದ್ದೂ ಹೋಯಿತೆಂದು ಭಾವಿಸಬೇಕಾಗಿಲ್ಲ, ಅದು ಉಳಿದಿದೆ. ಊರಿಗೆ ಹೋಗಿ ಬರಲು ಮತ್ತು ಶೈಕ್ಷಣಿಕ ಪ್ರವಾಸಕ್ಕೆ ಎರಡನೇ ದರ್ಜೆ ಹಾಗೂ ಸ್ಲೀಪರ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟರಿಗೆ ಶೇ. 75 ರಿಯಾಯಿತಿ ಉಂಟು.

ಇಲ್ಲೊಂದು ಸೂಕ್ಷ್ಮವಿದೆ. ರಿಯಾಯಿತಿ ದೊರೆಯುವುದು ಪ್ರಯಾಣದ ಉದ್ದೇಶವನ್ನು ನೋಡಿ. ವಿದ್ಯಾರ್ಥಿಯ ಗುರುತಿನ ಚೀಟಿಯೊಂದನ್ನೇ ತೋರಿಸಿದರೆ ಸಾಲದು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನಿಷ್ಟದಂತೆ ಇನ್ನೊಂದು ವಿ.ವಿ.ಗೆ ಹೊರಟರೆ ಅದು ಊರಿನ ಪ್ರಯಾಣವೂ ಅಲ್ಲ, ಪ್ರವಾಸವೂ ಅಲ್ಲ. ಆದರೆ 35 ವರ್ಷದೊಳಗಿನ ಸಂಶೋಧನಾರ್ಥಿಗಳಿಗೆ ಸಂಶೋಧನೆಯ ಕೆಲಸಕ್ಕಾಗಿ ಮಾಡುವ ಪ್ರಯಾಣದಲ್ಲಿಯೂ ಶೇ. 50 ರಿಯಾಯಿತಿ ಇದೆ. ಧಾರವಾಡದ ಗ್ರಂಥಾಲಯಕ್ಕೋ ಹಂಪಿಯ ಹಸ್ತಪ್ರತಿ ವಿಭಾಗಕ್ಕೋ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಇದನ್ನು ಪಡೆಯಲು ಸಂಸ್ಥೆಯ ಮುಖ್ಯಸ್ಥರ ಸಹಿ ಮತ್ತು ಮೊಹರು ಇರುವ ರಿಯಾಯಿತಿ ಅರ್ಜಿಯೊಂದಿಗೆ ನಿಲ್ದಾಣದ ಕೌಂಟರ್‌ಗೇ ಹೋಗಬೇಕು. ಮೊಬೈಲ್‌ನಲ್ಲಿ ಬುಕ್ ಮಾಡಿದರೆ ಇದು ಸಿಗುವುದಿಲ್ಲ. ಮೂಲ ದರಕ್ಕೆ ಮಾತ್ರ ಕಡಿತ ಅನ್ವಯವಾಗುತ್ತದೆ. ಕಾಯ್ದಿರಿಸುವ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕ ಪೂರ್ತಿಯಾಗಿ ಕೊಡಬೇಕು. ಚೇರ್‌ಕಾರ್ ಮಾತ್ರ ಇರುವ ವಂದೇ ಭಾರತ್‌ನಲ್ಲಿ ಈ ರಿಯಾಯಿತಿಗೆ ಅವಕಾಶವಿಲ್ಲ. ಕಚೇರಿಯಲ್ಲಿ ಅರ್ಜಿಗೆ ಸಹಿಯಾಗಲು ದಿನಗಳು ಹಿಡಿಯುವುದರಿಂದ ಮುಂಚೆಯೇ ಸಲ್ಲಿಸುವುದು ಒಳಿತು.

ತತ್ಕಾಲ್ ಕೊನೆಯ ಆಸರೆ

ತತ್ಕಾಲ್ ಬುಕಿಂಗ್ ರೈಲು ಹೊರಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಆರಂಭವಾಗುತ್ತದೆ. ಸ್ಲೀಪರ್‌ಗೆ ಕನಿಷ್ಠ 100, ಗರಿಷ್ಠ 200 ರೂಪಾಯಿ ಹೆಚ್ಚುವರಿ ಶುಲ್ಕ. ಹೋಗಲು, ಬರಲು ಎರಡಕ್ಕೂ ತತ್ಕಾಲ್ ಹಿಡಿದರೆ 200ರಿಂದ 400 ರೂಪಾಯಿ ಹೊರೆ. ವಿದ್ಯಾರ್ಥಿ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ. ಖಚಿತವಾದ ಟಿಕೆಟ್ ರದ್ದು ಮಾಡಿದರೆ ಹಣವೂ ಮರಳುವುದಿಲ್ಲ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಖಾತೆಗೆ ಆಧಾರ್ ಜೋಡಿಸದವರು ಬೆಳಿಗ್ಗೆ 11ಕ್ಕೆ ಆ ಕೆಲಸಕ್ಕೆ ತೊಡಗಿದರೆ ಅಷ್ಟರಲ್ಲಿ ಬರ್ತ್‌ಗಳು ಮುಗಿದಿರುತ್ತವೆ.

ತಂಡವಾಗಿ ಹೋಗುವವರಿಗೆ

ಯುವಜನೋತ್ಸವ, ಕ್ರೀಡಾಕೂಟಗಳಿಗೆ ತಂಡ ಹೊರಟಾಗ ಕೊನೆಯ ಗಳಿಗೆಯಲ್ಲಿ ಒಬ್ಬರು ಹಿಂದೆ ಸರಿಯುವುದು ಸಾಮಾನ್ಯ. ಆ ಟಿಕೆಟ್ ವ್ಯರ್ಥವಾಗಬೇಕಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮುಖ್ಯಸ್ಥರು ರೈಲು ಹೊರಡುವ 48 ಗಂಟೆ ಮೊದಲು ಲಿಖಿತವಾಗಿ ಕೋರಿದರೆ, ಅದೇ ಸಂಸ್ಥೆಯ ಮತ್ತೊಬ್ಬ ವಿದ್ಯಾರ್ಥಿಯ ಹೆಸರಿಗೆ ಬರ್ತ್ ವರ್ಗಾಯಿಸಲು ನಿಯಮದಲ್ಲಿ ಅವಕಾಶವಿದೆ.

ಒಟ್ಟಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಆಯ್ಕೆ ಸುಲಭ. ಎಷ್ಟು ದೂರ? ಯಾವ ಉದ್ದೇಶಕ್ಕೆ? ದಿನಾಂಕ ಎಷ್ಟು ಖಚಿತ? ಹತ್ತಿರವಿದ್ದು ಪದೇ ಪದೇ ಹೋಗುವುದಿದ್ದರೆ ಸೀಸನ್ ಟಿಕೆಟ್, ಉದ್ದೇಶ ರಿಯಾಯಿತಿಗೆ ಒಳಪಡುವುದಾದರೆ ಕೌಂಟರ್, ದಿನಾಂಕ ಖಚಿತವಿದ್ದರೆ ಮುಂಗಡ ಸ್ಲೀಪರ್. ಸಂದರ್ಶನ, ಮೌಖಿಕ ಪರೀಕ್ಷೆಗಳಂತಹ ತಪ್ಪಿಸಲಾಗದ ಕೆಲಸಕ್ಕೆ ವೇಟಿಂಗ್ ಲಿಸ್ಟ್ ನಂಬಿ ಕೂರುವುದು ಬೇಡ. ಒಂದು ದಿನ ಮೊದಲೇ ತಲುಪುವ ಟಿಕೆಟ್ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳುವುದು ಕ್ಷೇಮ.